ನಡೆದಾಡುವ ಸುರಂಗಕ್ಕೆ ಬೆಳಕಿನ ಕಲಾಕೃತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗಳ ಮನೆಗೆ ಹೋಗುವಾಗ ಷಿಕಾಗೊದ ಓಹೇರ್ ವಿಮಾನ ನಿಲ್ದಾಣದ ನೆಲದಡಿಯ ದಾರಿಯಲ್ಲಿ, ಚಾವಣಿಯ ಉದ್ದಕ್ಕೂ ಬಣ್ಣದ ದೀಪಗಳು ಅಲೆಯಂತೆ ಹರಿಯುವುದನ್ನು ಕಂಡೆ. ನಮ್ಮ ಬಡಾವಣೆಯಲ್ಲಿ ರೈಲು ಹಳಿಯ ಕೆಳಗೆ ಪಾದಚಾರಿ ಸುರಂಗವೊಂದಿದೆ. ಕತ್ತಲಾದ ಮೇಲೆ ಹೆಂಗಸರು ಅದರೊಳಗೆ ಕಾಲಿಡುವುದಿಲ್ಲ. ನಿವಾಸಿಗಳ ಸಂಘದ ಮೂಲಕ ಅಲ್ಲಿಯೂ ಅಂಥದ್ದೊಂದನ್ನು ಮಾಡಿಸಬಹುದೆ? ಎಲ್ಲಿಂದ ಆರಂಭಿಸಬೇಕು?
— ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ನೀವು ನೋಡಿದ್ದು ಕಲಾವಿದ ಮೈಕೆಲ್ ಹೇಡನ್ ಅವರ ‘ಸ್ಕೈಸ್ ದ ಲಿಮಿಟ್’ ಎಂಬ ಕೃತಿ. ವಾಸ್ತುಶಿಲ್ಪಿ ಹೆಲ್ಮುಟ್ ಯಾನ್ ವಿನ್ಯಾಸಗೊಳಿಸಿದ ಯುನೈಟೆಡ್ ಏರ್‌ಲೈನ್ಸ್ ಟರ್ಮಿನಲ್ಲಿನ ಎರಡು ಭಾಗಗಳನ್ನು ಜೋಡಿಸುವ ಸುರಂಗದಲ್ಲಿ 1987ರಲ್ಲಿ ಅದು ಬೆಳಗಿತು. ಉದ್ದ ಸುಮಾರು 744 ಅಡಿ. ತೂಗಿಬಿಟ್ಟ ನಿಯಾನ್ ಕೊಳವೆಗಳು 466. ಅವುಗಳ ಮೇಲೆ ಕನ್ನಡಿಗಳಿರುವುದರಿಂದ ಕಣ್ಣಿಗೆ ಕಾಣುವ ಬೆಳಕು ಇಮ್ಮಡಿಯಾಗುತ್ತದೆ, ಪಕ್ಕದ ಗೋಡೆಗಳಿಗೂ ಹಿಂದಿನಿಂದ ತಿಳಿಬಣ್ಣದ ಬೆಳಕಿದೆ. ಗೋಡೆ, ಚಾವಣಿ, ಚಲಿಸುವ ನೆಲಹಾಸು, ದೀಪ ಎಲ್ಲವೂ ಒಂದೇ ಕಲ್ಪನೆಯ ಅಂಗಗಳಾಗಿ ಕಾಣುವುದರಿಂದಲೇ ಆ ದಾರಿ ನಿಮ್ಮ ನೆನಪಿನಲ್ಲಿ ಉಳಿದಿದೆ ಎಂದು ನನ್ನ ಎಣಿಕೆ. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಇದಕ್ಕೆ ತಿರುವುಮುರುವು: ಸಿವಿಲ್ ಕೆಲಸ ಮುಗಿದು, ಟ್ಯೂಬ್‌ಲೈಟು ಹಾಕಿ, ಬಿಲ್ಲು ಪಾವತಿಯಾದ ಮೇಲೆ, ಉಳಿದ ಹಣದಲ್ಲಿ ‘ಸ್ವಲ್ಪ ಕಲೆ’ ಸೇರಿಸುವ ಯೋಚನೆ ಬರುತ್ತದೆ. ಹಾಗೆ ಸೇರಿಸಿದ್ದು ಮದುವೆ ಮನೆಯ ಸೀರಿಯಲ್ ಸೆಟ್ಟಿಗಿಂತ ಹೆಚ್ಚಿನದಾಗುವುದು ಅಪರೂಪ. ಆದ್ದರಿಂದ ನನ್ನ ಮೊದಲ ಸಲಹೆಯೆಂದರೆ, ಸುರಂಗದಲ್ಲಿ ನಡೆಯಲು ಬೇಕಾದ ಬೆಳಕನ್ನೇ ಕಲಾಕೃತಿಯಾಗಿ ಮಾಡಿಸಿ. ಬೆಳಕು ಒಂದು, ಕಲೆ ಇನ್ನೊಂದು ಎಂದು ಎರಡು ಕಾಮಗಾರಿ ಮಾಡಬೇಡಿ. ಲಂಡನ್ನಿನ ಕಿಂಗ್ಸ್ ಕ್ರಾಸ್‌ನಲ್ಲಿ 2014ರಲ್ಲಿ ತೆರೆದ 90 ಮೀಟರ್ ಉದ್ದದ ಪಾದಚಾರಿ ಸುರಂಗದಲ್ಲಿ ಹಾಗೆಯೇ ಆಗಿದೆ: ಬಾಗಿದ ಒಂದು ಗೋಡೆಯೇ ಇಡಿಯಾಗಿ ಎಲ್‌ಇಡಿ ಬೆಳಕಿನ ಹಾಳೆಯಾಗಿದ್ದು, ಅದೇ ದಾರಿಯನ್ನೂ ಬೆಳಗುತ್ತದೆ, ಕಲಾವಿದರ ಕೃತಿಗೂ ಭಿತ್ತಿಯಾಗುತ್ತದೆ.

ಕಲಾವಿದರನ್ನು ಕರೆಯುವ ಮುನ್ನ ಒಂದು ಮಳೆಗಾಲ ಆ ಸುರಂಗವನ್ನು ಗಮನಿಸಿ. ನೀರು ಎಲ್ಲಿ ಜಿನುಗುತ್ತದೆ, ಎಲ್ಲಿ ನಿಲ್ಲುತ್ತದೆ, ಚರಂಡಿ ಕಟ್ಟಿದಾಗ ಎಷ್ಟು ಎತ್ತರಕ್ಕೆ ಏರುತ್ತದೆ ಎಂಬುದನ್ನು ಗೋಡೆಯ ಮೇಲೆ ಗುರುತು ಹಾಕಿಸಿ, ಚಿತ್ರ ತೆಗೆದಿಟ್ಟುಕೊಳ್ಳಿ. ಕಲಾವಿದರಿಗೆ ಕೊಡುವ ಟಿಪ್ಪಣಿಯಲ್ಲಿ ಆ ಗುರುತುಗಳಷ್ಟು ಉಪಯುಕ್ತವಾದದ್ದು ಬೇರೊಂದಿರುವುದಿಲ್ಲ. ದೂಳಿಗೂ ನೀರಿನ ಎರಚಲಿಗೂ ತಡೆಯುವ ಐಪಿ 65 ದರ್ಜೆಯ ದೀಪ ಗೋಡೆಯ ಮೇಲ್ಭಾಗಕ್ಕೆ ಸಾಕು, ಆದರೆ ನೀರು ನಿಲ್ಲುವ ಮಟ್ಟದಲ್ಲಿ ಸ್ವಲ್ಪ ಹೊತ್ತು ಮುಳುಗಿದರೂ ಕೆಡದ ಐಪಿ 67 ಬೇಕು. ಕೈಗೆಟಕುವ ಎತ್ತರದಲ್ಲಿರುವ ದೀಪಕ್ಕೆ ಕಲ್ಲೇಟು ತಾಳುವ ಐಕೆ 10 ದರ್ಜೆಯ ಹೊದಿಕೆ ಇರಲಿ. ಹಳಿಯ ಕೆಳಗಿನ ಕಟ್ಟಡವಾದ್ದರಿಂದ ಒಂದು ಮೊಳೆ ಹೊಡೆಯುವುದಕ್ಕೂ ರೈಲ್ವೆ ಎಂಜಿನಿಯರರ ಲಿಖಿತ ಒಪ್ಪಿಗೆ ಬೇಕಾದೀತು. ಪಾಲಿಕೆಯ ಒಪ್ಪಿಗೆಯೊಂದೇ ಸಾಲದು.

ಹೆಂಗಸರು ಒಳಗೆ ಕಾಲಿಡುವುದಿಲ್ಲವೆಂದು ಬರೆದಿದ್ದೀರಿ. ಅದನ್ನೇ ಟಿಪ್ಪಣಿಯ ಮೊದಲ ಸಾಲಾಗಿ ಬರೆಯಿರಿ, ಏಕೆಂದರೆ ಅದು ಬೆಳಕಿನ ಆಯ್ಕೆಯನ್ನೇ ಬದಲಿಸುತ್ತದೆ. ಎದುರಿಗೆ ಬರುವವರ ಮುಖ ದೂರದಿಂದಲೇ ಗುರುತು ಸಿಗಬೇಕಾದರೆ ಬೆಳಕು ನೆಲದ ಮೇಲೆ ಬಿದ್ದರಷ್ಟೇ ಸಾಲದು, ಮುಖದ ಮೇಲೂ ಬೀಳಬೇಕು. ಇಡೀ ಸುರಂಗವನ್ನು ಕಡು ನೀಲಿ ಅಥವಾ ಕಡು ಕೆಂಪಿನಲ್ಲಿ ಮುಳುಗಿಸಿದರೆ ಛಾಯಾಚಿತ್ರ ಚೆನ್ನಾಗಿ ಬರುತ್ತದೆ, ಮನುಷ್ಯರ ಚಹರೆ ಮಾತ್ರ ಅಳಿಸಿಹೋಗುತ್ತದೆ. ಬಣ್ಣ ಎಷ್ಟೇ ಬದಲಾಗಲಿ, ಅದರೊಂದಿಗೆ ಸ್ಥಿರವಾದ ಬಿಳಿ ಬೆಳಕಿನ ಒಂದು ಪದರ ಸದಾ ಇರಲಿ. ಆ ಪದರದ ವಿದ್ಯುತ್ ಮಾರ್ಗ ಪ್ರತ್ಯೇಕವಾಗಿದ್ದು ಬ್ಯಾಟರಿಗೂ ಜೋಡಣೆಯಾಗಿರಲಿ.

ಮೈಸೂರಿನವರಾದ ನಿಮಗೆ ಒಂದು ಮಾತು ಸುಲಭವಾಗಿ ತಿಳಿಯುತ್ತದೆ. ಅರಮನೆಯ ದೀಪಗಳನ್ನು ನಾವು ಹೊರಗೆ, ದೂರದಲ್ಲಿ, ನಿಂತು ನೋಡುತ್ತೇವೆ. ಸುರಂಗದಲ್ಲಿ ನೋಡುವವರು ಬೆಳಕಿನ ಒಳಗಿರುತ್ತಾರೆ ಮತ್ತು ನಡೆಯುತ್ತಿರುತ್ತಾರೆ. ನಿಮ್ಮ ಸುರಂಗ 30 ಮೀಟರ್ ಉದ್ದವಿದೆಯೆಂದುಕೊಂಡರೆ ಅದನ್ನು ದಾಟಲು ಅರ್ಧ ನಿಮಿಷವೂ ಬೇಡ. ಹತ್ತು ನಿಮಿಷದ ಬೆಳಕಿನ ‘ಕಥೆ’ಯನ್ನು ಅಲ್ಲಿ ಯಾರೂ ಪೂರ್ತಿ ನೋಡುವುದಿಲ್ಲ. ಇನ್ನೊಂದೆಡೆ, ಓಹೇರ್‌ನಲ್ಲಿ ಬಹಳಷ್ಟು ಮಂದಿ ಅಪರೂಪಕ್ಕೊಮ್ಮೆ ಹಾದುಹೋಗುವವರಾದರೆ, ನಿಮ್ಮವರು ದಿನಕ್ಕೆರಡು ಸಲ, ವರ್ಷಗಟ್ಟಲೆ ಹಾದುಹೋಗುವವರು. ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನ ಎರಡು ಕಟ್ಟಡಗಳ ನಡುವಿನ ನೆಲದಡಿಯ ದಾರಿಯಲ್ಲಿ ಲಿಯೊ ವಿಯ್ಯರಿಯಲ್ 2008ರಲ್ಲಿ ಸುಮಾರು 41,000 ಎಲ್‌ಇಡಿ ಬಿಂದುಗಳ ಕೃತಿ ರಚಿಸಿದಾಗ, ದೀಪಗಳನ್ನು ಮೊದಲು ಅಳವಡಿಸಿ, ಅನಂತರ ತಮ್ಮದೇ ತಂತ್ರಾಂಶದಿಂದ ಬೆಳಕಿನ ಚಲನೆಯನ್ನು ಹೆಣೆದರು. ನಿಮ್ಮ ಕಲಾವಿದರಿಗೂ ದೀಪ ಅಳವಡಿಸಿದ ಮೇಲೆ ಕೆಲವು ರಾತ್ರಿಗಳನ್ನು ಅಲ್ಲಿಯೇ ಕುಳಿತು ತಿದ್ದಲು ಬಿಟ್ಟುಕೊಡಿ, ಮತ್ತು ಆ ದಿನಗಳಿಗೂ ಸಂಭಾವನೆ ಕೊಡಿ.

ಆಯ್ಕೆಯ ವಿಷಯದಲ್ಲಿ ಅಮೆರಿಕದ ನಗರಗಳ ಪದ್ಧತಿ ಅನುಸರಿಸಲು ಯೋಗ್ಯ. ಫಿಲಡೆಲ್ಫಿಯಾ 1959ರಲ್ಲಿ, ಷಿಕಾಗೊ 1978ರಲ್ಲಿ ಸಾರ್ವಜನಿಕ ಕಟ್ಟಡ ವೆಚ್ಚದ ಒಂದು ಪಾಲನ್ನು (ಷಿಕಾಗೊದಲ್ಲಿ ಶೇ 1.33) ಕಲೆಗೆ ಮೀಸಲಿಡುವ ನಿಯಮ ತಂದವು. ಅಂಥ ಯೋಜನೆಗಳಲ್ಲಿ ಮೊದಲು ಕಲಾವಿದರ ಹಿಂದಿನ ಕೃತಿಗಳನ್ನಷ್ಟೇ ನೋಡಿ ಮೂರು ನಾಲ್ಕು ಮಂದಿಯನ್ನು ಆರಿಸಿ, ಅವರಿಗೆ ಮಾತ್ರ ಹಣ ಕೊಟ್ಟು ವಿವರವಾದ ಪ್ರಸ್ತಾವ ಕೇಳುವುದು ರೂಢಿ. ‘ಡಿಸೈನ್ ಕಳಿಸಿ, ಇಷ್ಟವಾದರೆ ನೋಡೋಣ’ ಎಂದು ಹತ್ತಾರು ಜನರಿಂದ ಪುಕ್ಕಟೆ ಕೆಲಸ ಮಾಡಿಸುವುದು ಸರಿಯಲ್ಲ, ಒಳ್ಳೆಯವರು ಅದಕ್ಕೆ ಬರುವುದೂ ಇಲ್ಲ. ಪಾಲಿಕೆಯ ಹಣ ಸೇರಿದರೆ ಸಾರ್ವಜನಿಕ ಖರೀದಿಗೆ ಸಂಬಂಧಿಸಿದ ಕರ್ನಾಟಕದ 1999ರ ಪಾರದರ್ಶಕತೆ ಕಾಯ್ದೆಯಂತೆ ಟೆಂಡರ್ ಪ್ರಶ್ನೆ ಬರುತ್ತದೆ. ಅತಿ ಕಡಿಮೆ ದರ ನಮೂದಿಸಿದವರಿಗೆ ಇಡೀ ಕೆಲಸ ಹೋದರೆ ಕಲಾವಿದರ ಪಾತ್ರವೇ ಇಲ್ಲವಾಗುತ್ತದೆ. ಸಂಘವೇ ದಾನಿಗಳ ಹಣದಿಂದ ಕಲಾವಿದರನ್ನು ಗೊತ್ತುಮಾಡಿ, ಅವರು ಬರೆದುಕೊಟ್ಟ ವಿವರಗಳಂತೆ ದೀಪ, ತಂತಿಗಳ ಪೂರೈಕೆಯನ್ನಷ್ಟೇ ಪಾಲಿಕೆ ಟೆಂಡರಿಗೆ ಬಿಡುವಂತೆ ಕೇಳಿಕೊಳ್ಳುವುದು ನನಗೆ ಕಾಣುವ ದಾರಿ.

ಇನ್ನು ನಿರ್ವಹಣೆ. ಎಲ್‌ಇಡಿ ದೀಪದ ಆಯುಷ್ಯ 50,000 ಗಂಟೆ ಎಂದು ಡಬ್ಬದ ಮೇಲೆ ಬರೆದಿದ್ದರೆ, ಅಷ್ಟು ಹೊತ್ತಿಗೆ ಬೆಳಕು ಮೊದಲಿದ್ದುದರ ಶೇ 70ಕ್ಕೆ ಇಳಿಯುತ್ತದೆ ಎಂಬುದು ಅದರ ಸಾಮಾನ್ಯ ಅರ್ಥ. ಹಗಲೂ ರಾತ್ರಿ ಉರಿಸಿದರೆ ಆರು ವರ್ಷ ತುಂಬುವ ಮೊದಲೇ ಆ ಗಡುವು ಮುಗಿಯುತ್ತದೆ. ಅದಕ್ಕೂ ಮುಂಚೆ ಕೈಕೊಡುವುದು ಬಹುಮಟ್ಟಿಗೆ ದೀಪಕ್ಕೆ ವಿದ್ಯುತ್ ಒದಗಿಸುವ ‘ಡ್ರೈವರ್’ ಎಂಬ ಸಾಧನ. ಅದನ್ನು ಸುರಂಗದ ಹೊರಗೆ, ಬೀಗವಿರುವ ಪೆಟ್ಟಿಗೆಯಲ್ಲಿ, ನೆಲದಿಂದ ಎತ್ತರದಲ್ಲಿ ಇಡಿಸಿ. ಬಿಡಿಭಾಗಗಳನ್ನು ಮೊದಲ ದಿನವೇ ಖರೀದಿಸಿ ಇಟ್ಟುಕೊಳ್ಳಿ. ಬೆಳಕಿನ ಚಲನೆಯ ತಂತ್ರಾಂಶದ ಒಂದು ಪ್ರತಿ, ವೈರಿಂಗ್ ನಕ್ಷೆಯ ಒಂದು ಪ್ರತಿ ಸಂಘದ ಕಪಾಟಿನಲ್ಲಿರಲಿ. ಮಾಮೂಲಿ ಏಣಿ ಹಾಕಿ ಬಡಾವಣೆಯ ಎಲೆಕ್ಟ್ರಿಷಿಯನ್ ಬದಲಿಸಲಾಗದ ದೀಪವಿರುವ ಪ್ರಸ್ತಾವವನ್ನು, ಅದು ಎಷ್ಟೇ ಸುಂದರವಾಗಿದ್ದರೂ, ನಾನಾದರೆ ಒಪ್ಪುವುದಿಲ್ಲ.

ಪ್ರಶ್ನೆ: ನನ್ನ ಮಗನಿಗೆ ಫಿಟ್ಸ್ ಬರುತ್ತದೆ. ಇಂಥ ಬೆಳಕು ಅಪಾಯವಲ್ಲವೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮೂರ್ಛೆರೋಗ ಇರುವ ಎಲ್ಲರಿಗೂ ಬೆಳಕಿನಿಂದ ತೊಂದರೆಯಾಗುವುದಿಲ್ಲ, ಕೆಲವರಿಗೆ ಮಾತ್ರ ಆಗುತ್ತದೆ, ನಿಮ್ಮ ಮಗನ ವಿಷಯವನ್ನು ಅವನ ವೈದ್ಯರೇ ಹೇಳಬೇಕು. ಆದರೆ ಸಾರ್ವಜನಿಕ ದಾರಿಯಲ್ಲಿ ಯಾರು ಬರುತ್ತಾರೆಂದು ಮೊದಲೇ ತಿಳಿಯದ ಕಾರಣ, ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗುವ ಬೆಳಕನ್ನು, ಅದರಲ್ಲೂ ಕಡು ಕೆಂಪನ್ನು, ಒಪ್ಪಂದದಲ್ಲೇ ನಿಷೇಧಿಸಬೇಕು. ಡೆಟ್ರಾಯಿಟ್ ವಿಮಾನ ನಿಲ್ದಾಣದಲ್ಲಿ 2002ರಲ್ಲಿ ತೆರೆದ ಬೆಳಕಿನ ಸುರಂಗದ ಎರಡೂ ತುದಿಗಳಲ್ಲಿ ಒಂದು ಗುಂಡಿಯಿದೆ. ಅದನ್ನು ಒತ್ತಿದರೆ ಬೆಳಕಿನ ಆಟ ಕೆಲಕಾಲ ನಿಲ್ಲುತ್ತದೆ. ಅಂಥ ಗುಂಡಿಯನ್ನು ನಮ್ಮಲ್ಲೂ ಕೇಳಬಹುದು. ಅದನ್ನು ಶಾಲೆ ಬಿಟ್ಟ ಮಕ್ಕಳು ಆಟಕ್ಕೆ ಒತ್ತುತ್ತಾರೆಂದು ಆಕ್ಷೇಪ ಬರುತ್ತದೆ. ಒತ್ತಲಿ.

ಪ್ರಶ್ನೆ: ನಾನು ಬೆಳಕಿನ ಕೃತಿಗಳನ್ನು ರಚಿಸುವ ಕಲಾವಿದ. ಹಣ ಕೊಟ್ಟು ಮಾಡಿಸಿಕೊಂಡವರು ಮುಂದೆ ಕೃತಿಯನ್ನು ಕಿತ್ತುಹಾಕಿದರೆ ನನಗೆ ಯಾವ ಹಕ್ಕಿದೆ?
— ಓದುಗರೊಬ್ಬರು, ಬೆಂಗಳೂರು

ಉತ್ತರ: 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮು ಕೃತಿಯನ್ನು ಮಾರಿದ ಮೇಲೂ ಕಲಾವಿದರಿಗೆ ಉಳಿಯುವ ವಿಶೇಷ ಹಕ್ಕುಗಳನ್ನು ಹೇಳುತ್ತದೆ. ದೆಹಲಿಯ ವಿಜ್ಞಾನ ಭವನಕ್ಕಾಗಿ ಶಿಲ್ಪಿ ಅಮರ್ ನಾಥ್ ಸೆಹಗಲ್ ರಚಿಸಿದ್ದ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಲಾಯಿತು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಭಾಗಗಳನ್ನು ಅವರಿಗೆ ಮರಳಿಸಲು ಆದೇಶಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಆದರೆ ಅದೇ ಕಲಮಿನ ವಿವರಣೆಯಲ್ಲಿ, ಕೃತಿಯನ್ನು ಪ್ರದರ್ಶಿಸದಿರುವುದು ಅಥವಾ ಕರ್ತೃವಿಗೆ ತೃಪ್ತಿಯಾಗುವಂತೆ ಪ್ರದರ್ಶಿಸದಿರುವುದು ಈ ಹಕ್ಕಿನ ಉಲ್ಲಂಘನೆಯಲ್ಲ ಎಂಬ ಮಾತೂ ಇದೆ. ಕಂಚಿನ ಶಿಲ್ಪಕ್ಕಿಂತ ಬೆಳಕಿನ ಕೃತಿಗೆ ಈ ಸಾಲು ಹೆಚ್ಚು ತೊಡಕಿನದು, ಏಕೆಂದರೆ ಅದನ್ನು ಇಲ್ಲವಾಗಿಸಲು ಕಿತ್ತುಹಾಕಬೇಕಾಗಿಯೇ ಇಲ್ಲ, ಸ್ವಿಚ್ಚು ಆರಿಸಿದರೆ ಸಾಕು. ಆದ್ದರಿಂದ ದಿನಕ್ಕೆ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ದೀಪ ಉರಿಯಬೇಕು, ಕೆಟ್ಟರೆ ಎಷ್ಟು ದಿನದೊಳಗೆ ಸರಿಪಡಿಸಬೇಕು, ವಿದ್ಯುತ್ ಬಿಲ್ಲು ಯಾರ ಹೆಸರಿನಲ್ಲಿ ಬರಬೇಕು ಎಂಬುದನ್ನು ಸಹಿ ಹಾಕುವ ಮೊದಲೇ ಒಪ್ಪಂದದಲ್ಲಿ ಬರೆಸಿಕೊಳ್ಳಿ.