ಬಾಣಂತನಕ್ಕೆ ನೈರೋಬಿಗೆ ಹೊರಟಿದ್ದೇವೆ, ಲಸಿಕೆ ಬೇಕಾ?

ಪ್ರಶ್ನೆ: ಮಗಳ ಬಾಣಂತನಕ್ಕೆ ಮುಂದಿನ ತಿಂಗಳು ನೈರೋಬಿಗೆ ಹೋಗುತ್ತಿದ್ದೇವೆ. ನನಗೆ 56, ಯಜಮಾನರಿಗೆ 64. ಹಳದಿ ಜ್ವರದ ಲಸಿಕೆ ಹಾಕಿಸಲೇಬೇಕಾ?
– ಓದುಗರೊಬ್ಬರು, ಹಾಸನ

ಉತ್ತರ: ನೀವು ಹಾಕಿಸಿಕೊಳ್ಳಿ ತಾಯಿ, ತಡ ಮಾಡಬೇಡಿ. ಕೀನ್ಯಾದಿಂದ ವಾಪಸ್ ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲಿ ಲಸಿಕೆಯ ಹಳದಿ ಕಾರ್ಡ್ ಕೇಳುತ್ತಾರೆ. ಇಲ್ಲದಿದ್ದರೆ 6 ದಿನದವರೆಗೆ ಬೇರೆ ಇಡಬಹುದು. ಈ ಲಸಿಕೆ ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಸರ್ಕಾರ ಗೊತ್ತುಮಾಡಿದ ಕೇಂದ್ರಕ್ಕೇ ಹೋಗಬೇಕು, ಪಾಸ್‌ಪೋರ್ಟ್ ಜೊತೆಗಿರಲಿ. ಚುಚ್ಚಿಸಿಕೊಂಡ 10 ದಿನದ ನಂತರವೇ ಕಾರ್ಡ್ ಲೆಕ್ಕಕ್ಕೆ ಬರುತ್ತದೆ. ವಿಮಾನಕ್ಕೆ ನಾಲ್ಕೇ ದಿನ ಇರುವಾಗ ಒಬ್ಬ ತಾಯಿ ನನ್ನ ಹತ್ತಿರ ಬಂದಿದ್ದರು. ಮೊಮ್ಮಗುವನ್ನು ನೋಡುವ ಆಸೆಯಲ್ಲಿ ಅತ್ತೇಬಿಟ್ಟರು. ಇವತ್ತಿಗೂ ಆ ಮುಖ ಮರೆತಿಲ್ಲ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು, 2016ರಿಂದ ನಿಯಮ ಹಾಗಿದೆ.

ನನಗೆ ಜಾಸ್ತಿ ಚಿಂತೆ ನಿಮ್ಮ ಯಜಮಾನರದ್ದು. ಇದು ಜೀವಂತ ವೈರಸ್ಸಿನ ಲಸಿಕೆ, ಅಂದರೆ ಬಲ ಕುಗ್ಗಿಸಿದ ವೈರಸ್ಸನ್ನೇ ದೇಹಕ್ಕೆ ಕೊಡುತ್ತಾರೆ. 60 ದಾಟಿದವರು ಮೊದಲ ಸಲ ಹಾಕಿಸಿಕೊಂಡರೆ ಅಪರೂಪಕ್ಕೆ ಗಂಭೀರ ತೊಂದರೆ ಆಗಬಹುದು. ಹಳೆಯ ಕಾಯಿಲೆ, ಮಾತ್ರೆ, ಮೊಟ್ಟೆಯ ಅಲರ್ಜಿ ಎಲ್ಲವನ್ನೂ ಕೇಂದ್ರದ ವೈದ್ಯರಿಗೆ ಹೇಳಿ. ಅವರು ಲಸಿಕೆ ಬೇಡ ಎಂದರೆ ವಿನಾಯಿತಿ ಪತ್ರ ಬರೆಸಿಕೊಳ್ಳಿ. ಸುಮ್ನೆ ಮುಚ್ಚಿಟ್ಟು ಹಾಕಿಸಬೇಡಿ.