ವಿ8 ಕೂರಿಸುವ ಮೊದಲು ತೂಕ ನೋಡಿ

ಪ್ರಶ್ನೆ: ಉದ್ಯೋಗ ನಿಮಿತ್ತ ಇಂಗ್ಲೆಂಡಿನಲ್ಲಿ ನೆಲೆಸಿದ್ದೇನೆ. ಎಂಜಿ ಕಂಪನಿಯ ಹಳೆಯ ಸ್ಪೋರ್ಟ್ಸ್ ಕಾರು, 1972ರ ಎಂಜಿಬಿ ಜಿಟಿ ಕೊಂಡಿದ್ದೇನೆ. ನೋಡಲು ಚೆಂದ, ಓಟ ಮಾತ್ರ ಮಂದ. ರೋವರ್‌ನ 3.5 ಲೀಟರ್ ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರ್) ಎಂಜಿನ್ ಹಾಕಿಸುವ ಆಸೆ. ಅಷ್ಟು ದೊಡ್ಡ ಎಂಜಿನ್ ಹಾಕಿದರೆ ಮೂತಿ ಭಾರವಾಗಿ ಕಾರು ಕೆಡುತ್ತದೆ ಎಂದು ಗೆಳೆಯರು ಹೆದರಿಸುತ್ತಿದ್ದಾರೆ. ನಿಜವೇ?

ಉತ್ತರ: ನಿಮ್ಮ ಗೆಳೆಯರು ಬೇರೊಂದು ಕಾರಿನ ಪಾಪವನ್ನು ಈ ಎಂಜಿನ್ನಿನ ತಲೆಗೆ ಕಟ್ಟುತ್ತಿದ್ದಾರೆ. 1967ರಲ್ಲಿ ಎಂಜಿ ಕಂಪನಿಯೇ ಇದೇ ಕಾರಿನೊಳಗೆ 2.9 ಲೀಟರ್‌ನ ಆರು ಸಿಲಿಂಡರ್ ಎಂಜಿನ್ ತುರುಕಿ ಎಂಜಿಸಿ ಎಂದು ಮಾರಿತು. ಪೂರಾ ಎರಕದ ಕಬ್ಬಿಣದ ಎಂಜಿನ್ ಅದು. ಮೂತಿಯ ಮೇಲೆ ಸುಮಾರು 95 ಕಿಲೋ ಹೆಚ್ಚುವರಿ ಭಾರ ಬಿತ್ತು. ಅದರ ಎತ್ತರಕ್ಕೆ ಬಾನೆಟ್ ಉಬ್ಬಿಸಬೇಕಾಯಿತು, ಜಾಗ ಸಾಲದೆ ಮುಂದಿನ ಸಸ್ಪೆನ್ಷನ್ನನ್ನೇ ಬದಲಿಸಿ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಹಾಕಬೇಕಾಯಿತು. ಸ್ಟೀರಿಂಗ್ ತಿರುಗಿಸಿದರೂ ಮೂತಿ ನೆಟ್ಟಗೇ ಹೋಗುತ್ತದೆ ಎಂದು ಪತ್ರಿಕೆಗಳು ಬರೆದವು. 1969ಕ್ಕೆ ಅದರ ಕಥೆ ಮುಗಿಯಿತು.

ರೋವರ್ ವಿ8 ಆ ಜಾತಿಯದಲ್ಲ. ಹುಟ್ಟಿನಲ್ಲಿ ಅದು ಅಮೆರಿಕದ ಬ್ಯುಯಿಕ್ ಎಂಜಿನ್. ಬ್ಲಾಕ್, ಹೆಡ್ ಎರಡೂ ಅಲ್ಯೂಮಿನಿಯಂ. ನಿಮ್ಮ ಕಾರಿನಲ್ಲಿ ಈಗಿರುವ 1.8 ಲೀಟರ್‌ನ ಕಬ್ಬಿಣದ ಎಂಜಿನ್ನಿಗೂ ಇದಕ್ಕೂ ತೂಕದಲ್ಲಿ ಹೇಳಿಕೊಳ್ಳುವಷ್ಟು ವ್ಯತ್ಯಾಸವಿಲ್ಲ. ಲೀಟರ್ ಲೆಕ್ಕದಲ್ಲಿ ಸುಮಾರು ಎರಡು ಪಟ್ಟು, ಭಾರದಲ್ಲಿ ಸರಿಸಮ. ಕೆನ್ ಕಾಸ್ಟೆಲೊ ಎಂಬಾತ ತನ್ನದೇ ಗ್ಯಾರೇಜಿನಲ್ಲಿ ಇದನ್ನು ಮಾಡಿ ತೋರಿಸಿದ ಮೇಲೆಯೇ ಕಂಪನಿಗೆ ಬುದ್ಧಿ ಬಂತು. 1973ರಿಂದ 1976ರವರೆಗೆ ಕಾರ್ಖಾನೆಯೇ 2,591 ಎಂಜಿಬಿ ಜಿಟಿ ವಿ8 ಕಾರುಗಳನ್ನು ತಯಾರಿಸಿತು. 137 ಅಶ್ವಶಕ್ತಿ. ನಿಮ್ಮದರಲ್ಲಿ ಇರುವುದು 95ರ ಆಸುಪಾಸು.

ಹಾಗಾಗಿ ತೂಕದ ಚಿಂತೆ ಬಿಡಿ. ಚಿಂತಿಸಬೇಕಾದದ್ದು ಎಂಜಿನ್ನಿನ ಸುತ್ತಲಿನ ಜಾಗ ಮತ್ತು ಅದರ ಹಿಂದೆ ಬರುವ ಸಾಮಗ್ರಿಯ ಬಗ್ಗೆ. 1974ರ ಕೊನೆಯಲ್ಲಿ ಬಂದ ರಬ್ಬರ್ ಬಂಪರಿನ ಎಂಜಿಬಿಗಳ ಒಡಲು ವಿ8 ಕೂರುವಂತೆಯೇ ತಯಾರಾದದ್ದು. ನಿಮ್ಮದು ಕ್ರೋಮ್ ಬಂಪರಿನದು. ಬಲ್ಕ್‌ಹೆಡ್ಡಿನ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆ) ಮೂಲೆಗಳನ್ನೂ ಪಕ್ಕದ ತಗಡನ್ನೂ ತಿದ್ದದೆ ಎಂಜಿನ್ ಇಳಿಯುವುದಿಲ್ಲ. ಎಲ್ಲಕ್ಕಿಂತ ಕಷ್ಟದ ಜಾಗ ಬಲಗಡೆ: ಸ್ಟೀರಿಂಗ್ ದಂಡ ಹಾದುಹೋಗುವಲ್ಲೇ ಎಕ್ಸಾಸ್ಟ್ ಕೊಳವೆಯೂ ಹೊರಬರಬೇಕು. ಇದಕ್ಕೆ ಅನೇಕರು 1993ರ ಎಂಜಿ ಆರ್‌ವಿ8ನ ಉಪಾಯ ಅನುಸರಿಸುತ್ತಾರೆ: ಚಕ್ರದ ಒಳಗೋಡೆಗೆ ತೂತು ಕೊರೆದು ಕೊಳವೆಗಳನ್ನು ಅತ್ತ ಕಡೆಯಿಂದ ಇಳಿಸುವುದು. ಬಾನೆಟ್ಟಿನ ಕೆಳಗಿನ ಕಾವು ಗಣನೀಯವಾಗಿ ತಗ್ಗುತ್ತದೆ. ಆದರೆ ಕತ್ತರಿಸಿದ ತಗಡು ಮತ್ತೆ ಬೆಳೆಯುವುದಿಲ್ಲ. ನಾಳೆ ಕಾರನ್ನು ಮೂಲರೂಪಕ್ಕೆ ತರುವ ಯೋಚನೆಯಿದ್ದರೆ ಈ ದಾರಿ ಹಿಡಿಯಬೇಡಿ.

ಗೇರ್‌ಬಾಕ್ಸ್ ಹಳೆಯದೇ ಸಾಕು ಎನ್ನುವವರ ಮಾತಿಗೆ ಕಿವಿಗೊಡಬೇಡಿ. ರೋವರ್ ಎಸ್‌ಡಿ1ರ ಐದು ಗೇರಿನ ಪೆಟ್ಟಿಗೆಯನ್ನು ಬಳಸುವುದು ರೂಢಿ. ಅದು ಕೂರುವ, ಕಾರಿನ ನೆಲದ ನಡುವಿನ ಸುರಂಗವನ್ನು ಸ್ವಲ್ಪ ಅಗಲಿಸಬೇಕಾಗುತ್ತದೆ. ಹಿಂದಿನ ಆಕ್ಸಲ್ ಗಟ್ಟಿಯೇ, ಅದರ ಅನುಪಾತ (ಚಕ್ರ ಒಂದು ಸುತ್ತು ಸುತ್ತಲು ಗೇರ್‌ಬಾಕ್ಸಿನಿಂದ ಬರುವ ದಂಡ ಎಷ್ಟು ಸುತ್ತಬೇಕೆಂಬ ಲೆಕ್ಕ) ಮಾತ್ರ ಹೊಂದುವುದಿಲ್ಲ. ಸಾಮಾನ್ಯ ಎಂಜಿಬಿಯಲ್ಲಿ ಅದು 3.9, ಕಾರ್ಖಾನೆಯ ವಿ8ನಲ್ಲಿ 3.07. ಹಳೆಯದನ್ನೇ ಉಳಿಸಿಕೊಂಡರೆ ಮೊದಲ ಗೇರ್ ಹಾಕಿದ ಮರುಕ್ಷಣವೇ ಎರಡನೆಯದಕ್ಕೆ ಕೈ ಹೋಗುತ್ತದೆ, ಹೆದ್ದಾರಿಯಲ್ಲಿ ಎಂಜಿನ್ ಸುಮ್ಮನೆ ಕಿರುಚುತ್ತಿರುತ್ತದೆ. ದೊಡ್ಡ ರೇಡಿಯೇಟರ್, ದಪ್ಪ ಬ್ರೇಕ್ ಡಿಸ್ಕ್ ಇಲ್ಲದೆ ಕಾರನ್ನು ಗ್ಯಾರೇಜಿನಿಂದ ಹೊರತರಲೇಬೇಡಿ. ನನ್ನ ಕೇಳಿದರೆ, ಕೆಲಸದ ಕ್ರಮವೇ ತಲೆಕೆಳಗಾಗಿರಬೇಕು: ಮೊದಲು ಬ್ರೇಕ್, ಆಮೇಲೆ ತಂಪು, ಕೊನೆಗೆ ಎಂಜಿನ್.

ನೋಂದಣಿ ಪತ್ರದಲ್ಲಿ ಎಂಜಿನ್ ಸಂಖ್ಯೆ, ಸಾಮರ್ಥ್ಯ ಎರಡನ್ನೂ ತಿದ್ದಿಸಿ, ವಿಮೆಯವರಿಗೂ ತಿಳಿಸಿ. ನಲವತ್ತು ದಾಟಿದ ಕಾರಿಗೆ ಅಲ್ಲಿ ವಾರ್ಷಿಕ ತಪಾಸಣೆಯ ವಿನಾಯಿತಿ ಉಂಟು, ಆದರೆ ಕಾರನ್ನು ಗಣನೀಯವಾಗಿ ಮಾರ್ಪಡಿಸಿದ್ದರೆ ಅದು ತಪ್ಪಿಹೋಗಬಹುದು. ವಿನಾಯಿತಿ ಸಿಕ್ಕರೂ ಎಂಜಿನ್ ಬದಲಿಸಿದ ಕಾರನ್ನು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಯ್ಯುವುದೇ ಜಾಣತನ.

ಪ್ರಶ್ನೆ: ಎಸಿ ಕೋಬ್ರಾ, ಸನ್‌ಬೀಮ್ ಟೈಗರ್ ಎರಡೂ ಬ್ರಿಟಿಷ್ ಕಾರುಗಳೇ, ಎರಡಕ್ಕೂ ಬಿದ್ದದ್ದು ಫೋರ್ಡ್ ವಿ8. ಕೋಬ್ರಾ ಮನೆಮಾತಾಯಿತು, ಟೈಗರ್ ಯಾಕೆ ಹಿಂದೆ ಬಿತ್ತು?

ಉತ್ತರ: ಎರಡರ ಹಿಂದೆಯೂ ಅಮೆರಿಕದ ಮಾಜಿ ರೇಸ್ ಚಾಲಕ ಕ್ಯಾರೊಲ್ ಶೆಲ್ಬಿಯ ಕೈವಾಡವಿತ್ತು. ಆದರೆ ಕೋಬ್ರಾ ತನ್ನ ಎಂಜಿನ್ನಿನ ಜೊತೆ ತಾನೂ ಬೆಳೆಯಿತು. 1962ರಲ್ಲಿ 4.2 ಲೀಟರ್ ಹಾಕಿದಾಗ ಅಡ್ಡ ಪಟ್ಟಿ ಸ್ಪ್ರಿಂಗಿನ ಹಳೆಯ ಚಾಸಿಯೇ ನಡೆಯಿತು. 1965ರಲ್ಲಿ 7 ಲೀಟರ್ ಬಂದಾಗ ಚಾಸಿಯ 3 ಇಂಚಿನ ಕೊಳವೆಗಳು 4 ಇಂಚಿಗೇರಿದವು, ಕಾಯಿಲ್ ಸ್ಪ್ರಿಂಗ್ ಬಂತು. ಅದೇ ವರ್ಷ ಜಿಟಿ ಕಾರುಗಳ ವಿಶ್ವ ಪ್ರಶಸ್ತಿಯೂ ದಕ್ಕಿತು.

ಟೈಗರ್ 1964ರಲ್ಲಿ ಬಂತು. ಸನ್‌ಬೀಮ್‌ನದೇ ಪುಟ್ಟ ಆಲ್ಪೈನ್ ಕಾರಿಗೆ ವಿ8 ಕೂರಿಸಿದ ರೂಪ ಅದು. ಆ ಮೂತಿಯಲ್ಲಿ ಜಾಗ ಎಷ್ಟು ಇಕ್ಕಟ್ಟೆಂದರೆ, ಎಂಜಿನ್ ಇಳಿಸಲು ವೆಸ್ಟ್ ಬ್ರಾಮ್‌ವಿಚ್‌ನ ಜೆನ್ಸನ್ ಕಾರ್ಖಾನೆಯಲ್ಲಿ ಬಲ್ಕ್‌ಹೆಡ್ಡನ್ನು ಸುತ್ತಿಗೆಯಿಂದ ಬಡಿಯುತ್ತಿದ್ದರು. ಹಿಂದಿನ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಬೇಕಾದರೆ ಇಂದಿಗೂ ಕಾರಿನೊಳಗೆ ಕುಳಿತು, ಬಲ್ಕ್‌ಹೆಡ್ಡಿನ ತೂತಿನ ಮುಚ್ಚಳ ತೆಗೆದು ಕೈ ಹಾಕಬೇಕು. ಇಷ್ಟಾದರೂ ಕಾರು ಚೆನ್ನಾಗಿಯೇ ಮಾರಾಟವಾಗುತ್ತಿತ್ತು. ಅದನ್ನು ಮುಗಿಸಿದ್ದು ಕಂಪನಿಯ ಹೊಸ ಒಡೆಯ, ಅಮೆರಿಕದ ಕ್ರೈಸ್ಲರ್. ಪ್ರತಿಸ್ಪರ್ಧಿ ಫೋರ್ಡ್‌ನ ಎಂಜಿನ್ನನ್ನು ತನ್ನ ಕಾರಿನಲ್ಲಿ ಇಟ್ಟು ಯಾರು ಮಾರುತ್ತಾರೆ? ಸ್ವಂತ ವಿ8 ಹಾಕೋಣವೆಂದರೆ ಅದರ ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ವಿದ್ಯುತ್ ಹಂಚುವ ಭಾಗ) ಹಿಂಬದಿಯಲ್ಲಿತ್ತು. ಆ ಇಕ್ಕಟ್ಟಿನಲ್ಲಿ ಅದಕ್ಕೆ ಎಡೆಯೇ ಇರಲಿಲ್ಲ. 1967ಕ್ಕೆ ಟೈಗರ್ ನಿಂತಿತು.

ಪ್ರಶ್ನೆ: ಬೆಂಗಳೂರಿನಲ್ಲಿ ಅಜ್ಜನ ಕಾಲದ ಎಂಜಿ ಇದೆ. ಜಪಾನಿ ಎಂಜಿನ್ ಹಾಕಬಹುದೇ?

ಉತ್ತರ: ಬೇಡ. ಕಂಪನಿ ಹೇಳಿದ ಮೂಲ ವಿವರಗಳನ್ನು ಹೀಗೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಮೇಲಾಗಿ 2021ರ ನಿಯಮಗಳಂತೆ 50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಸಿಗಬೇಕಾದರೆ ಅದು ಮೂಲರೂಪದಲ್ಲೇ ಉಳಿದಿರಬೇಕು. ಇರುವ ಎಂಜಿನ್ನನ್ನೇ ಬಿಚ್ಚಿ ರಿಪೇರಿ ಮಾಡಿಸಿ; ಎಂಜಿ ಕಾರುಗಳ ಬಿಡಿಭಾಗ ಬ್ರಿಟನ್ನಿನಿಂದ ಇಂದಿಗೂ ಸಲೀಸಾಗಿ ಸಿಗುತ್ತವೆ.