ಮನೆಯೊಳಗಿನ ಗಿಡಗಳನ್ನು ಅಂಗಡಿಯಲ್ಲಿ ಕೊಳ್ಳುವಾಗ ಏನೇನು ನೋಡಿಕೊಳ್ಳಬೇಕು?

ನೀವು ವರ್ಗಾವಣೆಯಾಗಿ ಕಾಸರಗೋಡಿಗೆ ಬಂದಿದ್ದೀರಿ, ವಿದ್ಯಾನಗರದ ಬಾಡಿಗೆ ಮನೆಯೊಳಗೆ ಇಡಲು ನಾಲ್ಕಾರು ಗಿಡಗಳು ಬೇಕು, ಅವನ್ನು ನರ್ಸರಿಯಲ್ಲಿ ಕೊಳ್ಳಬೇಕೋ ಆನ್‌ಲೈನಿನಲ್ಲಿ ತರಿಸಬೇಕೋ, ಮೋಸಹೋಗದಿರಲು ಏನು ಮಾಡಬೇಕು ಎಂದು ಕೇಳಿದ್ದೀರಿ. ಬಹಳ ಕಾಲದಿಂದ ಇದೇ ಜಿಲ್ಲೆಯಲ್ಲಿ ಮನೆಯೊಳಗೆ ಗಿಡಗಳನ್ನು ಸಾಕಿಕೊಂಡು ಬಂದವನಾಗಿ ನಾನು ಹೇಳುವುದಿಷ್ಟು: ಹತ್ತಿರದ ನರ್ಸರಿಯಲ್ಲೇ ಕೊಳ್ಳಿ, ಅದರಲ್ಲೂ ಆ ನರ್ಸರಿಗೆ ಬಂದು ಕೆಲವು ವಾರಗಳಾದರೂ ಕಳೆದ ಗಿಡವನ್ನೇ ಆರಿಸಿಕೊಳ್ಳಿ.

ಇದಕ್ಕೆ ಕಾರಣವಿದೆ. ಇಲ್ಲಿನ ಅಂಗಡಿಗಳಲ್ಲಿ ಸಾಲಾಗಿ ಇಟ್ಟಿರುವ ಒಳಾಂಗಣ ಗಿಡಗಳಲ್ಲಿ ಬಹಳಷ್ಟು ಈ ಊರಿನಲ್ಲಿ ಬೆಳೆದವಲ್ಲ. ತ್ರಿಶೂರಿನ ಮಣ್ಣುತ್ತಿ, ಆಂಧ್ರದ ಗೋದಾವರಿ ತೀರದ ಕಡಿಯಂ, ಪುಣೆ, ಬೆಂಗಳೂರು ಮುಂತಾದ ಕಡೆಗಳಲ್ಲಿ ನೆರಳು ಬಲೆಯ ಕೆಳಗೆ, ಅಳೆದು ಕೊಟ್ಟ ನೀರು ಗೊಬ್ಬರದಲ್ಲಿ ಬೆಳೆದು ಲಾರಿಯಲ್ಲಿ ಬಂದಿಳಿದವು. ಇಳಿದ ದಿನ ಎಲ್ಲವೂ ಹೊಳೆಯುತ್ತಿರುತ್ತವೆ. ಪ್ರಯಾಣದ ಮತ್ತು ಬೆಳಕಿನ ಬದಲಾವಣೆಯ ಪೆಟ್ಟು ಎಲೆಯಲ್ಲಿ ಕಾಣಿಸಿಕೊಳ್ಳುವುದಕ್ಕೆ ಎರಡು ಮೂರು ವಾರ ಬೇಕಾಗುತ್ತದೆ. ಅಷ್ಟರಲ್ಲಿ ಗಿಡ ನಿಮ್ಮ ಮನೆ ಸೇರಿರುತ್ತದೆ, ತಪ್ಪು ನಿಮ್ಮ ಆರೈಕೆಯದೆಂದೇ ಎಲ್ಲರೂ ಹೇಳುತ್ತಾರೆ. ಆದ್ದರಿಂದ ಬೆಲೆ ಕೇಳುವ ಮೊದಲು "ಇದು ಬಂದು ಎಷ್ಟು ದಿವಸ ಆಯಿತಣ್ಣಾ?" ಎಂದು ಕೇಳಿ. ಕುಂಬಳೆ, ಬದಿಯಡ್ಕದ ಕಡೆಯಾದರೆ ಕನ್ನಡದಲ್ಲೇ ಕೇಳಬಹುದು. ಉತ್ತರ ಏನೇ ಬರಲಿ, ಗಿಡದ ಸುಳಿಯನ್ನು ನೋಡಿ: ಹಳೆಯ ಎಲೆಗಳಷ್ಟೇ ಗಟ್ಟಿಯಾದ ಹೊಸ ಎಲೆಯೊಂದು ಬಿಚ್ಚಿಕೊಳ್ಳುತ್ತಿದ್ದರೆ ಗಿಡ ಇಲ್ಲಿನ ಗಾಳಿಗೆ ಒಗ್ಗಿಕೊಂಡಿದೆ ಎಂದೇ ತಿಳಿಯಬಹುದು.

ಅಂಗಡಿಗೆ ಹೊರಡುವ ಮೊದಲು ಮನೆಯಲ್ಲಿ ಬೆಳಕನ್ನು ಗಮನಿಸಿರಬೇಕು. ಇಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ತಿಂಗಳುಗಳಲ್ಲಿ, ತೆಂಗು ಅಡಿಕೆಯ ನೆರಳು ಬೇರೆ ಇದ್ದರಂತೂ, ನಡುಮನೆಯಲ್ಲಿ ಹಗಲಿಗೂ ದೀಪ ಬೇಕಾಗುತ್ತದೆ. ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಜೀಜೀ ಪ್ಲಾಂಟ್, ಅಗ್ಲೋನಿಮಾ ಇವು ಆ ಮಬ್ಬನ್ನು ತಾಳಿಕೊಳ್ಳುತ್ತವೆ. ಕ್ರೋಟನ್, ದಪ್ಪ ಎಲೆಯ ಸಕ್ಯುಲೆಂಟ್‌ಗಳು, ಅರೆಕಾ ಪಾಮ್ ತಾಳಿಕೊಳ್ಳುವುದಿಲ್ಲ. ಅರೆಕಾ ಪಾಮ್ ಎಂದಾಕ್ಷಣ ನಮ್ಮ ತೋಟದ ಅಡಿಕೆಯೆಂದು ಭಾವಿಸಬೇಡಿ. ಅದು ಮಡಗಾಸ್ಕರ್ ಮೂಲದ ಬೇರೆಯೇ ಗಿಡ, ಕಿಟಕಿಯ ಪಕ್ಕದ ಒಳ್ಳೆಯ ಬೆಳಕನ್ನು ಬೇಡುವಂಥದ್ದು. ಒಂದು ಕುಂಡದಲ್ಲಿ ಹತ್ತಾರು ಸಸಿಗಳನ್ನು ಒತ್ತೊತ್ತಾಗಿ ನೆಟ್ಟು ದಟ್ಟವಾಗಿ ಕಾಣಿಸುವುದು ವಾಡಿಕೆಯಾದ್ದರಿಂದ, ಬುಡದಲ್ಲಿ ಕಾಂಡಗಳು ಎಷ್ಟು ದಪ್ಪವಿವೆ ಎಂದು ನೋಡಿ ಬೆಲೆ ಮಾತನಾಡಿ.

ಇನ್ನು ಗಿಡವನ್ನು ಪರೀಕ್ಷಿಸುವ ಬಗೆ. ಮೇಲ್ಮೈ ಎಲೆಗೆ ಯಾರೂ ಮರುಳಾಗಬಾರದು. ಹೊಳಪು ಬರುವ ದ್ರವವನ್ನು ಸಿಂಪಡಿಸಿ ಇಡುವವರಿದ್ದಾರೆ; ಬೆರಳಿನಿಂದ ಉಜ್ಜಿದರೆ ಜಿಡ್ಡು ತಿಳಿಯುತ್ತದೆ. ಎಲೆಯನ್ನು ಮಗುಚಿ ನೋಡಿ. ಅಗ್ಲೋನಿಮಾದಲ್ಲಿ ಎಲೆಯ ತೊಟ್ಟು ಕಾಂಡವನ್ನು ಸುತ್ತಿಕೊಳ್ಳುವ ಸಂದಿಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದರೆ, ಹತ್ತಿಯ ಎಳೆಯಂತಹ ಬಿಳಿಯ ಅಂಟು ಪುಡಿ ಕಂಡರೆ ಅದು ಹಿಟ್ಟು ತಿಗಣೆ. ಪಾಮ್‌ನ ಎಲೆಯ ನಡುನರದ ಉದ್ದಕ್ಕೂ ಉಗುರಿಗೆ ಎದ್ದು ಬರುವ ಕಂದು ಬೊಟ್ಟುಗಳಿದ್ದರೆ ಅವು ಶಲ್ಕ ಕೀಟಗಳು. ಎಲೆಯ ಮೇಲೆ ಸೂಜಿಮೊನೆಯಷ್ಟು ಬಿಳಿಚಿದ ಚುಕ್ಕೆಗಳು ಹರಡಿದ್ದು, ಅಡಿಯಲ್ಲಿ ನವಿರಾದ ಬಲೆಯಿದ್ದರೆ ನುಸಿ ಹತ್ತಿದೆ. ಅಂತಹ ಗಿಡವನ್ನು ಅರ್ಧ ಬೆಲೆಗೆ ಕೊಟ್ಟರೂ ತರಬೇಡಿ, ಏಕೆಂದರೆ ಮನೆಯ ಉಳಿದ ಗಿಡಗಳಿಗೂ ಅದು ಹರಡುತ್ತದೆ. ಚೆನ್ನಾಗಿರುವ ಹೊಸ ಗಿಡವನ್ನೂ ಎರಡು ಮೂರು ವಾರ ಬೇರೆ ಕೋಣೆಯಲ್ಲಿಡುವುದು ಕ್ಷೇಮ.

ಎಲೆಗಿಂತ ಮುಖ್ಯವಾದುದು ಬೇರು. ಕುಂಡವನ್ನೆತ್ತಿ ತಳದ ತೂತುಗಳನ್ನು ನೋಡಿ. ಒಂದೆರಡು ಬಿಳಿ ಬೇರುಗಳು ಇಣುಕುತ್ತಿದ್ದರೆ ಸಂತೋಷ, ಕಂದು ಬಣ್ಣದ ಮೆತ್ತನೆಯ ಎಳೆಗಳಿದ್ದು ಕೊಳೆತ ವಾಸನೆ ಬಂದರೆ ಬೇಡ. ಬುಡವನ್ನು ಹಿಡಿದು ಹಗುರವಾಗಿ ಅಲುಗಿಸಿ. ಮನಿ ಪ್ಲಾಂಟ್‌ನಲ್ಲಿ ಮೊನ್ನೆ ಮೊನ್ನೆ ಚುಚ್ಚಿದ ತುಂಡುಗಳನ್ನೇ ಬೇರು ಬಿಟ್ಟ ಗಿಡದ ಬೆಲೆಗೆ ಮಾರುವುದುಂಟು, ಅವು ಕೈಗೆ ಸಲೀಸಾಗಿ ಬರುತ್ತವೆ. ಸ್ನೇಕ್ ಪ್ಲಾಂಟ್‌ನ ಎಲೆ ಮಣ್ಣಿಗೆ ತಾಗುವಲ್ಲಿ ಬೆರಳಿನಿಂದ ಒತ್ತಿದರೆ ಗಟ್ಟಿಯಾಗಿರಬೇಕು. ಮೆದುವಾಗಿದ್ದರೆ ಒಳಗೆ ಕೊಳೆತ ಹೊಕ್ಕಿದೆ.

ಕುಂಡದಲ್ಲಿರುವುದು ಸಾಮಾನ್ಯವಾಗಿ ಬರೀ ತೆಂಗಿನ ನಾರಿನ ಪುಡಿ. ಸಾಗಾಟಕ್ಕೆ ಹಗುರವೆಂದು ಅದನ್ನು ಬಳಸುತ್ತಾರೆ, ಅದರಲ್ಲಿ ಮೋಸವೇನೂ ಇಲ್ಲ. ಆದರೆ ಮೇಲೆ ಒಣಗಿದಂತೆ ಕಂಡರೂ ಒಳಗೆ ಅದು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ಬೇರು ಕೊಳೆಯಲು ಇದು ದೊಡ್ಡ ಕಾರಣ. ಗಿಡ ನೆಲೆನಿಂತ ಮೇಲೆ ಮಣ್ಣು, ಮರಳು, ಹಳೆಯ ಗೊಬ್ಬರ, ತಳಕ್ಕೆ ಮುರಕಲ್ಲಿನ ಚೂರು ಹಾಕಿ ಬದಲಾಯಿಸಿ. ತೂತಿಲ್ಲದ ಚೀನಿ ಮಣ್ಣಿನ ಅಲಂಕಾರದ ಕುಂಡ ಮತ್ತು ಅಂಟು ಹಾಕಿ ಕೂರಿಸಿದ ಬಣ್ಣದ ಕಲ್ಲು, ಇವೆರಡಕ್ಕೂ ಹಣ ಕೊಡಬೇಡಿ.

ಮಾರುವಾಗ ಹೇಳುವ ಗುಣಗಾನವನ್ನೂ ತೂಗಿ ನೋಡಬೇಕಾಗುತ್ತದೆ. "ಗಾಳಿ ಶುದ್ಧಮಾಡುವ ಗಿಡ" ಎಂಬ ಚೀಟಿಗೆ ಹೆಚ್ಚು ಬೆಲೆ ಕೇಳುತ್ತಾರೆ. ಅದರ ಮೂಲ 1989ರ ನಾಸಾ ಅಧ್ಯಯನ. ಅದು ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಇಂತಹ ಪ್ರಯೋಗಗಳನ್ನೆಲ್ಲ ಒಟ್ಟಾಗಿ ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಲೇಖನದ ಪ್ರಕಾರ, ಕಟ್ಟಡದೊಳಗೆ ಸಹಜವಾಗಿ ಆಡುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ ಒಂದು ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡಗಳು ಬೇಕು. ಲಕ್ಕಿ ಬ್ಯಾಂಬೂ ಬಿದಿರಲ್ಲ, ಡ್ರಸೀನಾ ಜಾತಿಯದು. ಕೆಂಪು, ಹಳದಿ ತಲೆಯ ಮೂನ್ ಕ್ಯಾಕ್ಟಸ್ ಎಂದರೆ ಪತ್ರಹರಿತ್ತಿಲ್ಲದ ಕಳ್ಳಿಯೊಂದನ್ನು ಹಸಿರು ಕಳ್ಳಿಗೆ ಕಸಿ ಮಾಡಿದ್ದು, ಅದರ ಆಯುಸ್ಸು ಸಾಮಾನ್ಯವಾಗಿ ಕೆಲವೇ ವರ್ಷ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅಂಗಡಿಯವರು ಹೇಳದ ಇನ್ನೊಂದು ಸಂಗತಿ ನಿಮಗೆ ಗೊತ್ತಿರಲೇಬೇಕು. ಮನಿ ಪ್ಲಾಂಟ್, ಅಗ್ಲೋನಿಮಾ, ಪೀಸ್ ಲಿಲ್ಲಿ, ಡೈಫೆನ್‌ಬೇಕಿಯಾ, ಜೀಜೀ ಇವೆಲ್ಲ ಕೆಸುವಿನ ಕುಟುಂಬದವು. ಪತ್ರೊಡೆ ಮಾಡುವ ಕೆಸುವಿನ ಎಲೆಗೆ ಹುಳಿ ಸಾಲದಿದ್ದರೆ ಗಂಟಲು ತುರಿಸುವುದು ಯಾವ ಹರಳಿನಿಂದಲೋ ಅದೇ ಕ್ಯಾಲ್ಸಿಯಂ ಆಕ್ಸಲೇಟ್ ಇವುಗಳಲ್ಲೂ ಇದೆ. ಮಗು ಅಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ, ಎತ್ತರದಲ್ಲಿಡಿ.

ಆನ್‌ಲೈನಿನಲ್ಲಿ ಕೊಳ್ಳಲೇಬೇಕಾದರೆ, ಚಿತ್ರದಲ್ಲಿರುವುದು ಬೆಳೆದ ಗಿಡವೆಂದೂ ಬರುವುದು ಅಂಗೈಯಗಲದ ಕುಂಡದ ಸಸಿಯೆಂದೂ ತಿಳಿದು, ಎತ್ತರದ ಅಳತೆಯಲ್ಲಿ ಕುಂಡವೂ ಸೇರಿದೆಯೇ ಎಂದು ಓದಿ. ಬಿಳಿ ಮಚ್ಚೆಯ ಮಾನ್‌ಸ್ಟೆರಾದ ಬೀಜ ಎಂದು ಮಾರುವುದನ್ನು ನಂಬಬೇಡಿ. ಆ ಮಚ್ಚೆ ಬೀಜದಿಂದ ಬರುವುದೆಂಬ ಭರವಸೆಯಿಲ್ಲ, ಅದನ್ನು ಉಳಿಸಿಕೊಳ್ಳಲು ಸಾಮಾನ್ಯವಾಗಿ ಕಾಂಡದ ತುಂಡಿನಿಂದ ಸಸಿ ಮಾಡುತ್ತಾರೆ. ಪೊಟ್ಟಣವನ್ನು ಬಿಚ್ಚುವಾಗ ವಿಡಿಯೋ ಮಾಡಿಟ್ಟುಕೊಳ್ಳಿ.

ಎಲ್ಲಿ ಕೊಂಡರೂ ಬಿಲ್ಲು ಕೇಳಿ, ಅದರಲ್ಲಿ ಗಿಡದ ಹೆಸರನ್ನು ಬರೆಸಿ. ಜೀವಂತ ಗಿಡಕ್ಕೆ ಜಿಎಸ್‌ಟಿ ಇಲ್ಲ, ಪ್ಲಾಸ್ಟಿಕ್ ಕುಂಡಕ್ಕೆ ಇದೆ. ಎರಡನ್ನೂ ಬೇರೆ ಬೇರೆ ಬರೆದಿರಬೇಕೆಂದು ಹೇಳಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಬಿಲ್ಲು ಕೊಡದಿರುವುದೂ, ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ಒಪ್ಪದಿರುವುದೂ ಅನುಚಿತ ವ್ಯಾಪಾರ ಪದ್ಧತಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ವಿವರಣೆಗೆ ಹೊಂದದ ವಸ್ತುವನ್ನು ಮಾರಾಟಗಾರ ಹಿಂದಕ್ಕೆ ಪಡೆಯಲೇಬೇಕು. ಜಾಲತಾಣದ ದೂರು ಅಧಿಕಾರಿ 48 ಗಂಟೆಗಳೊಳಗೆ ದೂರು ತಲುಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಷ್ಟಕ್ಕೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗವಿದೆ: ಮಾರಿದವರು ಯಾವ ಊರಿನವರಾದರೂ ನೀವು ವಾಸವಿರುವ ಕಾಸರಗೋಡಿನಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ.